ಕೋಡ್ ಕಾಪಿ ಆಗುತ್ತದೆ, ಎಚ್ಚರಿಕೆ ಆಗುವುದಿಲ್ಲ

ಪ್ರಶ್ನೆ: ಅಂಗಡಿಗಳಲ್ಲಿ ಬಿಲ್ ಹಾಕುವ ಕೈಯಂತ್ರಗಳಿಗೆ ಆಂಡ್ರಾಯ್ಡ್ ಆಧರಿಸಿದ ಆಪರೇಟಿಂಗ್ ಸಿಸ್ಟಮ್ ಮಾಡುವ ಕಂಪನಿಯಲ್ಲಿ ನಾನು ಡೆವಲಪರ್ ಡಾಕ್ಯುಮೆಂಟೇಶನ್ ಬರೆಯುತ್ತೇನೆ. ನಮ್ಮ ಎನ್‌ಕ್ರಿಪ್ಷನ್ (ಡೇಟಾವನ್ನು ಗೂಢವಾಗಿಸುವ) ಪುಟದಲ್ಲಿ ಹತ್ತು ಸಾಲಿನ ಜಾವಾ ಉದಾಹರಣೆ ಇದೆ. 16 ಅಕ್ಷರದ ಸ್ಟ್ರಿಂಗ್ (ಅಕ್ಷರಗಳ ಸಾಲು) ಒಂದನ್ನೇ ಕೀ, ಅಂದರೆ ಬೀಗ ತೆಗೆಯುವ ಗುಟ್ಟು, ಮಾಡಿಕೊಂಡು, ‘ಎಇಎಸ್’ ಅಂತ ಎನ್‌ಕ್ರಿಪ್ಷನ್ ವಿಧಾನದ ಹೆಸರು ಹೇಳಿ ಸೈಫರ್ (ಡೇಟಾ ಗೂಢವಾಗಿಸುವ ಸಾಧನ) ತೆಗೆದುಕೊಂಡು, ಬಂದದ್ದನ್ನು ಪ್ರಿಂಟ್ ಮಾಡುತ್ತದೆ. ಕೆಳಗೆ ‘ಇದು ಉದಾಹರಣೆಗೆ ಮಾತ್ರ, ಹೀಗೇ ಬಳಸಬೇಡಿ’ ಎಂಬ ಎಚ್ಚರಿಕೆ ಇದೆ. ಸೆಕ್ಯೂರಿಟಿ ತಂಡ ಇದನ್ನು ತೆಗೆಯಿರಿ ಅನ್ನುತ್ತಿದೆ. ಮ್ಯಾನೇಜರ್ ‘ಕಲಿಯುವವರಿಗೆ ಸರಳವಾಗಿರಲಿ, ಬಿಡಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ? ಹೊಸದಾಗಿ ಬರೆದರೆ ಏನೇನು ಬದಲಾಗಬೇಕು?

ಉತ್ತರ: ಸೆಕ್ಯೂರಿಟಿ ತಂಡದ ಮಾತು ಕೇಳಿ. ಆದರೆ ನಿಮ್ಮ ಮ್ಯಾನೇಜರ್ ಹೇಳುವುದರಲ್ಲೂ ಅರ್ಧ ಸತ್ಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಎಚ್ಚರಿಕೆಯ ಸಾಲಿನ ವಿಷಯ ಮುಗಿಸಿಬಿಡೋಣ. ನಿಮ್ಮ ಪುಟದಲ್ಲಿ ಕೋಡ್ ಪಕ್ಕ ಒಂದು ಕಾಪಿ ಬಟನ್ ಇದೆ, ಅಲ್ವಾ? ಅದನ್ನು ಒತ್ತಿದರೆ ಕೋಡ್ ಮಾತ್ರ ಬರುತ್ತದೆ. ಎಚ್ಚರಿಕೆ ಪುಟದಲ್ಲೇ ಕೂತಿರುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಆ್ಯಪ್‌ನ ಕೋಡ್ ಪರಿಶೀಲನೆಗೆ ಕೂತಿದ್ದೆ. ಕೀ ಇದ್ದ ಸಾಲಿನ ಮೇಲೆ ‘ಇದನ್ನು ಬದಲಿಸಿ’ ಅಂತ ಕಾಮೆಂಟ್ ಇತ್ತು. ಯಾರು ಬರೆದಿದ್ದು ಅಂತ ಕೇಳಿದರೆ ತಂಡದಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿದಾಗ ಗೊತ್ತಾಯಿತು, ಆ ಕಾಮೆಂಟ್ ಕೂಡ ಡಾಕ್ಯುಮೆಂಟ್‌ನಿಂದಲೇ ಕಾಪಿ ಆಗಿ ಬಂದಿತ್ತು. ಅದೊಂದು ಸಲ ಎಚ್ಚರಿಕೆಯೂ ಜೊತೆಗೆ ಬಂದಿತ್ತು ನೋಡಿ. ಉಪಯೋಗ ಮಾತ್ರ ಏನೂ ಆಗಿರಲಿಲ್ಲ.

ಇದು ಸಣ್ಣಪುಟ್ಟ ತಂಡಗಳ ಕತೆ ಅಂದುಕೊಳ್ಳಬೇಡಿ. 2022ರಲ್ಲಿ ಹ್ಯುಂಡೈ ಅಯಾನಿಕ್ ಕಾರಿನ ಮಾಲೀಕರೊಬ್ಬರು ತಮ್ಮ ಕಾರಿನ ಪರದೆಯ ಹಿಂದಿರುವ ಸಾಫ್ಟ್‌ವೇರ್ ಬಿಚ್ಚಿ ನೋಡಿದರು. ಅದರ ಅಪ್‌ಡೇಟ್ ಫೈಲ್‌ಗಳಿಗೆ ಎಇಎಸ್ ಬೀಗ ಹಾಕಿತ್ತು. ಕೀ ಯಾವುದು ಅಂತ ಹುಡುಕಿದರೆ, ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ನ 800-38ಎ ದಾಖಲೆಯಲ್ಲಿ ಉದಾಹರಣೆಗೆಂದು ಅಚ್ಚು ಹಾಕಿರುವ ಕೀ! ಸಾಫ್ಟ್‌ವೇರ್ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿಗೆ ಬಳಸಿದ್ದ ಆರ್‌ಎಸ್‌ಎ ಕೀ ಜೋಡಿಯೂ ಒಂದು ಟ್ಯುಟೋರಿಯಲ್‌ನಿಂದ ಎತ್ತಿದ್ದು. ಅವರು ತಾವೇ ಬರೆದ ಸಾಫ್ಟ್‌ವೇರ್‌ಗೆ ಸಹಿ ಹಾಕಿದರು, ಕಾರು ಅದನ್ನು ಒಪ್ಪಿಕೊಂಡಿತು.

2025ರಲ್ಲಿ ಇದೇ ಕತೆ ಇನ್ನೂ ದೊಡ್ಡದಾಗಿ ನಡೆಯಿತು. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕಟ್ಟಿದ ವೆಬ್‌ಸೈಟುಗಳಿಗೆ ‘ಮಷೀನ್ ಕೀ’ ಅಂತ ಇರುತ್ತದೆ. ಅದು ಗುಟ್ಟಾಗಿರಬೇಕು. ಆದರೆ ಸಾರ್ವಜನಿಕವಾಗಿ ಬಿದ್ದಿರುವ ಇಂಥ ಕೀಗಳು 3,000ಕ್ಕೂ ಜಾಸ್ತಿ ಇವೆ, ದಾಳಿಕೋರರು ಅಂಥ ಕೀಯನ್ನು ಬಳಸಿದ್ದಾರೆ ಅಂತ ಮೈಕ್ರೋಸಾಫ್ಟ್ ಫೆಬ್ರವರಿಯಲ್ಲಿ ಹೇಳಿತು. ತನ್ನದೇ ಡಾಕ್ಯುಮೆಂಟೇಶನ್‌ನ ಕೆಲವು ಕಡೆ ಇದ್ದ ಮಾದರಿ ಕೀಗಳನ್ನೂ ತೆಗೆದುಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವೆಬ್‌ಸೈಟ್ ನಡೆಸುವ ಸಾಫ್ಟ್‌ವೇರ್ ಮಾಡುವ ಸೈಟ್‌ಕೋರ್ ಸರದಿ. 2017 ಮತ್ತು ಅದಕ್ಕೂ ಹಿಂದಿನ ಅವರ ಇನ್‌ಸ್ಟಾಲ್ ಕೈಪಿಡಿಯಲ್ಲಿದ್ದ ಮಾದರಿ ಕೀಯನ್ನು ಹಾಗೇ ಇಟ್ಟುಕೊಂಡಿದ್ದ ಸರ್ವರ್‌ಗಳೊಳಗೆ ಕಳ್ಳರು ನುಗ್ಗಿದರು. ಎಂಟು ವರ್ಷದ ಹಿಂದಿನ ಕೈಪಿಡಿ!

ಹಾಗಾಗಿ ನಾನು ಇಟ್ಟುಕೊಂಡಿರುವ ನಿಯಮ ಇಷ್ಟೇ. ಮಾದರಿ ಕೋಡ್ ಒಂದಕ್ಷರ ಬದಲಾಗದೆ ನಾಳೆ ಅಂಗಡಿಯ ಯಂತ್ರಕ್ಕೆ ಹೋಗುತ್ತದೆ ಅಂತಲೇ ಭಾವಿಸಿ ಬರೆಯಬೇಕು. ಹಾಗೆ ಹೋದರೂ ಗ್ರಾಹಕರ ಡೇಟಾ ಕ್ಷೇಮವಾಗಿರಬೇಕು. ಇಲ್ಲವೇ ಅದು ಕಂಪೈಲೇ ಆಗಬಾರದು, ಅಂದರೆ ಓಡುವ ಆ್ಯಪ್ ಆಗಲೇಬಾರದು. ಇವೆರಡರ ನಡುವೆ ಮೂರನೆಯದು ಬೇಡ.

ಈಗ ನಿಮ್ಮ ಹತ್ತು ಸಾಲಿಗೆ ಬರೋಣ. ಅದರಲ್ಲಿ ಎದ್ದು ಕಾಣುವ ತಪ್ಪು ಕೀ. ಸ್ಟ್ರಿಂಗನ್ನು ನೇರವಾಗಿ ಬೈಟ್ ಮಾಡಿ ಕೀ ಅನ್ನುವುದು. ಕೋಡ್ ನೋಡಿದ ಹುಡುಗನ ತಲೆಗೆ ಏನು ಹೋಗುತ್ತದೆ? ‘ಓಹೋ, ಕೀ ಅಂದರೆ ಪಾಸ್‌ವರ್ಡ್’ ಅಂತ. ಆ 16 ಅಕ್ಷರದ ಜಾಗದಲ್ಲಿ ಅವನು ಬಳಕೆದಾರ ಟೈಪ್ ಮಾಡಿದ ಪಾಸ್‌ವರ್ಡ್ ತಂದು ಕೂರಿಸುತ್ತಾನೆ. ಈಗ ಬಳಕೆದಾರ ಕನ್ನಡದಲ್ಲಿ ಟೈಪ್ ಮಾಡಿದ ಅನ್ನಿ. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್ ಪಾಯಿಂಟ್‌ಗೂ (ಅಕ್ಷರಕ್ಕೋ ಸ್ವರಚಿಹ್ನೆಗೋ ಕೊಟ್ಟ ಸಂಖ್ಯೆ) 3 ಬೈಟ್. ‘ಮೈಸೂರು’ ಅಂದರೆ 6 ಕೋಡ್ ಪಾಯಿಂಟ್, 18 ಬೈಟ್. ಎಇಎಸ್ ಕೀ 16, 24 ಅಥವಾ 32 ಬೈಟ್ ಇರಬೇಕು. ಹಾಗಾಗಿ ಎಕ್ಸೆಪ್ಶನ್ (ದೋಷದ ಸೂಚನೆ) ಬಂದು ಆ್ಯಪ್ ಬೀಳುತ್ತದೆ. ‘ಬೆಂಗಳೂರು’ ಅಂತ ಕೊಟ್ಟು ನೋಡಿ. 8 ಕೋಡ್ ಪಾಯಿಂಟ್, ಸರಿಯಾಗಿ 24 ಬೈಟ್. ತುಟಿ ಪಿಟಕ್ಕೆನ್ನದೆ ಎಇಎಸ್-192 ಆಗಿ ಓಡುತ್ತದೆ! ಮೈಸೂರಿನವರಿಗೆ ಕ್ರ್ಯಾಶ್, ಬೆಂಗಳೂರಿನವರಿಗೆ ಊರಿನ ಹೆಸರೇ ಕೀ. ಎರಡರಲ್ಲಿ ನನಗೆ ಹೆದರಿಕೆ ಎರಡನೆಯದರದ್ದೇ. ಬಿದ್ದ ಆ್ಯಪನ್ನು ಯಾರಾದರೂ ರಿಪೇರಿ ಮಾಡುತ್ತಾರೆ. ಓಡುತ್ತಿರುವ ಆ್ಯಪನ್ನು ಯಾರು ಮುಟ್ಟುತ್ತಾರೆ?

ಪಾಸ್‌ವರ್ಡ್‌ನಿಂದ ಕೀ ತೆಗೆಯಲೇಬೇಕಾದರೆ ಅದಕ್ಕೆ ಬೇರೆ ಪುಟ, ಬೇರೆ ಉದಾಹರಣೆ ಬರೆಯಿರಿ. ಅಲ್ಲಿ ಪಾಸ್‌ವರ್ಡನ್ನು ಸುತ್ತು ಸುತ್ತಾಗಿ ಅರೆದು ಕೀ ತೆಗೆಯುವ ಪಿಬಿಕೆಡಿಎಫ್2 ಇರಲಿ, ಪ್ರತಿಯೊಬ್ಬರಿಗೂ ಹೊಸ ರ್‍ಯಾಂಡಮ್ ಸಾಲ್ಟ್ (ಪಾಸ್‌ವರ್ಡ್ ಜೊತೆ ಬೆರೆಸುವ ಬೈಟ್‌ಗಳು) ಇರಲಿ. ಎಷ್ಟು ಸುತ್ತು ಅಂದರೆ, 2000ದ ಇಂಟರ್ನೆಟ್ ತಾಂತ್ರಿಕ ದಾಖಲೆ ಆರ್‌ಎಫ್‌ಸಿ 2898ರಲ್ಲಿ ಕನಿಷ್ಠ 1,000 ಅಂತ ಇತ್ತು. ಇವತ್ತು ಎಸ್‌ಎಚ್‌ಎ-256 ಎಂಬ ಅರೆಯುವ ಸೂತ್ರದ ಜೊತೆ 6,00,000 ಸುತ್ತು ಅನ್ನುತ್ತದೆ ಸಾಫ್ಟ್‌ವೇರ್ ಭದ್ರತೆಯ ಸಂಸ್ಥೆ ಒವಾಸ್ಪ್. ಹಳೆಯ ಉದಾಹರಣೆಗಳಲ್ಲಿ ಇನ್ನೂ ಆ ಸಾವಿರವೇ ಕೂತಿದೆ. ಇನ್ನೊಂದು ಮಾತು. ‘ಮೈ’ ಅಕ್ಷರದ ಐತ್ವವನ್ನು ಯೂನಿಕೋಡ್‌ನಲ್ಲಿ ಒಂದು ಕೋಡ್ ಪಾಯಿಂಟ್ ಆಗಿಯೂ ಬರೆಯಬಹುದು, ಎರಡು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಬೈಟ್‌ಗಳು ಬೇರೆ, ಅಂದರೆ ಕೀ ಬೇರೆ. ಆದ್ದರಿಂದ ಪಾಸ್‌ವರ್ಡನ್ನು ಮೊದಲು ಎನ್‌ಎಫ್‌ಸಿ ಎಂಬ ಒಂದೇ ಪ್ರಮಾಣಿತ ರೂಪಕ್ಕೆ ತರುವ ಒಂದು ಸಾಲು ಉದಾಹರಣೆಯಲ್ಲೇ ಇರಬೇಕು. ಇಂಗ್ಲಿಷ್‌ನಲ್ಲೇ ಟೆಸ್ಟ್ ಮಾಡುವವರಿಗೆ ಇದು ಯಾವತ್ತೂ ಹೊಳೆಯುವುದಿಲ್ಲ.

ಇದು ಅತಿಯಾಯಿತು ಅನಿಸಿದರೆ ಇದನ್ನು ಕೇಳಿ. ಆಂಡ್ರಾಯ್ಡ್ 4.4 ಬರುವ ತನಕ, ಅಂದರೆ 2013ರ ತನಕ, ಆಂಡ್ರಾಯ್ಡ್‌ನ ಪಿಬಿಕೆಡಿಎಫ್2 ಪಾಸ್‌ವರ್ಡ್‌ನ ಪ್ರತಿ ಅಕ್ಷರದ ಕೆಳಗಿನ 8 ಬಿಟ್ ಮಾತ್ರ ನೋಡುತ್ತಿತ್ತು. ಕನ್ನಡ ಮತ್ತು ಬಂಗಾಳಿ ಅಕ್ಷರಗಳನ್ನು ಯೂನಿಕೋಡ್‌ನಲ್ಲಿ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಕೆಳಗಿನ 8 ಬಿಟ್ ಎರಡಕ್ಕೂ ಒಂದೇ. ಹಾಗಾಗಿ ಕನ್ನಡದಲ್ಲಿ ‘ಕಮಲ’ ಅಂತ ಬರೆದರೂ ಬಂಗಾಳಿ ಲಿಪಿಯಲ್ಲಿ ‘ಕಮಲ’ ಅಂತ ಬರೆದರೂ ಕೀ ಒಂದೇ ಬರುತ್ತಿತ್ತು. 4.4ರಲ್ಲಿ ಇದನ್ನು ಸರಿ ಮಾಡಿದರು. ಹಳೆಯ ಡೇಟಾ ಓದಬೇಕಾದವರಿಗಾಗಿ ಹಳೆಯ ನಡವಳಿಕೆಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಟ್ಟರು.

ಇನ್ನು ‘ಎಇಎಸ್’ ಅಂತ ಬರೀ ಮೂರಕ್ಷರ ಕೊಟ್ಟು ಸೈಫರ್ ಕೇಳುವುದು. ಎಇಎಸ್ ಒಂದು ಸಲಕ್ಕೆ 16 ಬೈಟ್ ಮಾತ್ರ ಅರೆಯುತ್ತದೆ. ಉದ್ದದ ಡೇಟಾಗೆ ಅದನ್ನು ಹೇಗೆ ಓಡಿಸಬೇಕು ಅನ್ನುವುದು ಮೋಡ್. ಮೋಡ್ ಹೇಳದಿದ್ದರೆ ಜಾವಾ ಸುಮ್ನೆ ಇಸಿಬಿ ಹಿಡಿದುಕೊಳ್ಳುತ್ತದೆ. ಇರುವುದರಲ್ಲಿ ಅದೇ ಕೆಟ್ಟದ್ದು. ನಿಮ್ಮ ಯಂತ್ರದಲ್ಲಿ ‘ಸಾಲ ಇದೆಯಾ’ ಅಂತ ಒಂದು ಕಾಲಮ್ ಇದೆ, ಅದರಲ್ಲಿ ‘ಹೌದು’ ಅಥವಾ ‘ಇಲ್ಲ’ ಇರುತ್ತದೆ ಅನ್ನಿ. ಇಸಿಬಿಯಲ್ಲಿ ಎಲ್ಲ ‘ಹೌದು’ಗಳೂ ಒಂದೇ ಗೂಢ ಅಕ್ಷರಗಳಾಗುತ್ತವೆ, ಎಲ್ಲ ‘ಇಲ್ಲ’ಗಳೂ ಇನ್ನೊಂದೇ. ಬೀಗ ಒಡೆಯುವ ಕೆಲಸವೇ ಇಲ್ಲ. ಸಾಲ ಮಾಡಿದ ಒಬ್ಬ ಗಿರಾಕಿ ಗೊತ್ತಿದ್ದರೆ ಊರಿನ ಸಾಲಗಾರರ ಪಟ್ಟಿ ಕೈಯಲ್ಲಿ. 2013ರಲ್ಲಿ ಅಡೋಬಿಯಿಂದ ಸೋರಿಹೋದ ಪಾಸ್‌ವರ್ಡ್‌ಗಳೂ ಇಸಿಬಿಯಲ್ಲೇ ಇದ್ದವು. ಒಂದೇ ಪಾಸ್‌ವರ್ಡ್ ಇಟ್ಟವರೆಲ್ಲ ಒಂದೇ ಗುಂಪಾಗಿ ಕಂಡರು. ಪಕ್ಕದಲ್ಲಿ ಅವರೇ ಬರೆದುಕೊಂಡಿದ್ದ ಸುಳಿವುಗಳು ಬೇರೆ. ಪದಬಂಧ ಬಿಡಿಸಿದ ಹಾಗಾಯಿತು.

ಅದೇ 2013ರಲ್ಲಿ ಸಂಶೋಧಕರು ಕ್ರಿಪ್ಟೋ ಬಳಸುವ 11,748 ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. 10,327ರಲ್ಲಿ ಒಂದಾದರೂ ತಪ್ಪಿತ್ತು. ನೂರಕ್ಕೆ 88. ಅವರು ಹುಡುಕಿದ್ದು ಬರೀ ಆರು ಬಗೆಯ ತಪ್ಪು. ಇಸಿಬಿ ಮತ್ತು ಕೋಡಿನಲ್ಲೇ ಬರೆದಿಟ್ಟ ಕೀ ಎರಡೂ ಆ ಆರರೊಳಗೆ ಇವೆ. ನಿಮ್ಮ ಹತ್ತು ಸಾಲಿನಲ್ಲೂ ಎರಡೂ ಇವೆ.

ಹೊಸ ಉದಾಹರಣೆ ಹೇಗಿರಲಿ ಅಂದರೆ, ನಾನಾದರೆ ಎಇಎಸ್‌ನ ಜಿಸಿಎಂ ಮೋಡ್‌ನಿಂದ ಶುರು ಮಾಡುತ್ತೇನೆ. ಅದು ಡೇಟಾ ಮುಚ್ಚುವುದರ ಜೊತೆಗೆ 16 ಬೈಟ್‌ನ ಒಂದು ಟ್ಯಾಗ್ ಕೊಡುತ್ತದೆ. ಯಾರಾದರೂ ನಡುವೆ ಒಂದು ಬಿಟ್ ಅಲ್ಲಾಡಿಸಿದರೂ ಗೊತ್ತಾಗುತ್ತದೆ. ಆದರೆ ಜಿಸಿಎಂಗೆ ಒಂದು ಮೊಂಡು ಹಟ ಇದೆ. ಪ್ರತಿ ಸಲ 12 ಬೈಟ್‌ನ ಹೊಸ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ) ಕೊಡಬೇಕು. ಒಂದೇ ಕೀ ಜೊತೆ ಒಂದೇ ನಾನ್ಸ್ ಎರಡು ಸಲ ಬಿತ್ತೋ, ಎರಡೂ ಸಂದೇಶಗಳ ವ್ಯತ್ಯಾಸ ಹೊರಗೆ ಬರುತ್ತದೆ, ಸುಳ್ಳು ಟ್ಯಾಗ್ ಮಾಡುವ ದಾರಿಯೂ ತೆರೆಯುತ್ತದೆ. ಉದಾಹರಣೆಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಬರೆಯುವವರು ನಾನ್ಸ್‌ಗೆ ಹನ್ನೆರಡು ಸೊನ್ನೆ ತುಂಬಿಬಿಡುತ್ತಾರೆ, ಔಟ್‌ಪುಟ್ ಪ್ರತಿ ಸಲ ಒಂದೇ ಬಂದರೆ ಪುಟದಲ್ಲಿ ತೋರಿಸಲು ಚೆನ್ನ ಅಂತ.

ಇದಕ್ಕೆ ಪರಿಹಾರ ‘ದಯವಿಟ್ಟು ಹೊಸ ನಾನ್ಸ್ ಬಳಸಿ’ ಅಂತ ಬರೆಯುವುದಲ್ಲ. ಅದು ಅಡುಗೆ ಪುಸ್ತಕದ ‘ಉಪ್ಪು ರುಚಿಗೆ ತಕ್ಕಷ್ಟು’ ಇದ್ದ ಹಾಗೆ. ಗೊತ್ತಿದ್ದವರಿಗೆ ಬೇಡ, ಗೊತ್ತಿಲ್ಲದವರಿಗೆ ಅರ್ಥ ಆಗುವುದಿಲ್ಲ. ನಾನ್ಸ್ ಕೊಡುವ ಜಾಗವೇ ಇಲ್ಲದ ದಾರಿಯನ್ನು ತೋರಿಸಿ. ನಿಮ್ಮದು ಆಂಡ್ರಾಯ್ಡ್ ಬುಡದ ಸಿಸ್ಟಮ್, ಹಾಗಾಗಿ ಆ ದಾರಿ ಕೈಯಲ್ಲೇ ಇದೆ. ಆಂಡ್ರಾಯ್ಡ್ 6.0ರಿಂದ ಕೀಸ್ಟೋರ್ ಎಂಬ ಸಿಸ್ಟಮ್‌ನ ಕೀ ತಿಜೋರಿಯ ಒಳಗೇ ಎಇಎಸ್ ಕೀ ಹುಟ್ಟಿಸಬಹುದು. ಆ ಕೀಯ ಬೈಟ್‌ಗಳು ಆ್ಯಪ್‌ನ ಕೈಗೆ ಸಿಗುವುದೇ ಇಲ್ಲ. ಕೋಡಿನಲ್ಲಿ ಬರೆಯೋಣ ಅಂದರೂ ಬರೆಯಲು ಏನೂ ಇರುವುದಿಲ್ಲ. ನಾನ್ಸನ್ನೂ ಅದೇ ಹುಟ್ಟಿಸುತ್ತದೆ. ನೀವಾಗಿ ಕೊಡಲು ಹೋದರೆ, ಸೆಟ್ಟಿಂಗ್ ಬದಲಿಸದ ಹೊರತು, ಎಕ್ಸೆಪ್ಶನ್ ಎಸೆಯುತ್ತದೆ. ಆ್ಯಪಲ್‌ನವರು 2019ರಲ್ಲಿ ತಂದ ಎನ್‌ಕ್ರಿಪ್ಷನ್ ಲೈಬ್ರರಿ ಕ್ರಿಪ್ಟೋಕಿಟ್‌ನಲ್ಲೂ ಇದೇ ಜಾಣತನ. ‘ಸೀಲ್’ ಅಂತ ಕರೆದರೆ ನಾನ್ಸ್ ಅದೇ ಹಾಕಿಕೊಳ್ಳುತ್ತದೆ.

ಹಾಗೆ ಬರೆದ ಉದಾಹರಣೆ ಹೀಗೆ ಸಾಗುತ್ತದೆ. ಕೀಸ್ಟೋರ್‌ನಲ್ಲಿ ಇಂಥ ಹೆಸರಿನ ಕೀ ಇದೆಯಾ ನೋಡು, ಇಲ್ಲದಿದ್ದರೆ 256 ಬಿಟ್‌ನದು ಒಂದು ಮಾಡು. ‘ಎಇಎಸ್/ಜಿಸಿಎಂ/ನೋಪ್ಯಾಡಿಂಗ್’ ಅಂತ ಪೂರ್ತಿ ಹೆಸರು ಹೇಳಿ ಸೈಫರ್ ತೆಗೆದುಕೋ. ಎನ್‌ಕ್ರಿಪ್ಟ್ ಮಾಡು. ಸೈಫರ್ ಹತ್ತಿರವೇ ನಾನ್ಸ್ ಕೇಳಿ ಪಡೆದುಕೋ. ಆಮೇಲಿನ ಹೆಜ್ಜೆಯನ್ನು ಹೆಚ್ಚಿನ ಡಾಕ್ಯುಮೆಂಟ್‌ಗಳು ಬಿಟ್ಟುಬಿಡುತ್ತವೆ: ಬಂದದ್ದನ್ನು ಯಾವ ಕ್ರಮದಲ್ಲಿ ಎತ್ತಿಡಬೇಕು? ‘ನಮಸ್ಕಾರ’ ಎಂಬ ಪದವನ್ನೇ ತೆಗೆದುಕೊಳ್ಳಿ. 7 ಕೋಡ್ ಪಾಯಿಂಟ್, 21 ಬೈಟ್. ಮೊದಲು 1 ಬೈಟ್‌ನ ಆವೃತ್ತಿ ಸಂಖ್ಯೆ, ಆಮೇಲೆ 12 ಬೈಟ್ ನಾನ್ಸ್, ಆಮೇಲೆ 21 ಬೈಟ್ ಗೂಢ ಡೇಟಾ, ಕೊನೆಗೆ 16 ಬೈಟ್ ಟ್ಯಾಗ್. ಒಟ್ಟು 50. ಈ ಲೆಕ್ಕವನ್ನು ಪುಟದಲ್ಲಿ ಹೀಗೇ ಬಿಡಿಸಿ ಬರೆಯಿರಿ. ಇದನ್ನು ಬರೆಯದಿದ್ದರೆ ಓದುಗ ನಾನ್ಸನ್ನು ಎಲ್ಲಿಡಬೇಕು ಅಂತ ಗೊತ್ತಾಗದೆ, ಕೊನೆಗೆ ಅದನ್ನು ಸ್ಥಿರವಾಗಿ ಇಟ್ಟುಕೊಳ್ಳುವ ದಾರಿ ಹುಡುಕುತ್ತಾನೆ. ಮತ್ತೆ ಈ 50 ಬೈಟ್‌ಗಳನ್ನು ಸ್ಟ್ರಿಂಗ್ ಮಾಡಬಾರದು. ಅವು ಯುಟಿಎಫ್-8 ಅಲ್ಲ, ಸ್ಟ್ರಿಂಗ್ ಮಾಡಿದ ಕೂಡಲೇ ಅರ್ಧ ಬೈಟ್‌ಗಳು ಹಾಳಾಗುತ್ತವೆ. ಪಠ್ಯವಾಗಿಯೇ ಬೇಕಿದ್ದರೆ, ಬೈಟ್‌ಗಳನ್ನು ಮಾಮೂಲಿ ಅಕ್ಷರಗಳಾಗಿ ಬರೆಯುವ ಬೇಸ್64. ನಿಮ್ಮ ಈಗಿನ ಉದಾಹರಣೆ ಪ್ರಿಂಟ್ ಮಾಡಿ ಸುಮ್ಮನಾಗುತ್ತದೆ ಅಂದಿರಿ. ಡಿಕ್ರಿಪ್ಟ್ ಮಾಡಿ, ಅಂದರೆ ಗೂಢ ಬಿಡಿಸಿ, ತೋರಿಸದ ಕಾರಣಕ್ಕೇ ಈ ಪ್ರಶ್ನೆ ಯಾರಿಗೂ ಬಂದಿಲ್ಲ.

ಆವೃತ್ತಿಯ ಆ ಒಂದು ಬೈಟ್‌ಗೆ ಜಿಪುಣತನ ಮಾಡಬೇಡಿ. ಐದು ವರ್ಷ ಬಿಟ್ಟು ವಿಧಾನ ಬದಲಿಸಬೇಕಾದಾಗ ನಿಮ್ಮನ್ನು ಕಾಯುವುದು ಅದೇ.

ಡಿಕ್ರಿಪ್ಟ್ ಭಾಗದಲ್ಲಿ ನಾನು ಮೊದಲು ನೋಡುವುದು ಎಕ್ಸೆಪ್ಶನ್ ಹಿಡಿಯುವ ಕ್ಯಾಚ್ ಬ್ಲಾಕ್. ಎಲ್ಲ ಎಕ್ಸೆಪ್ಶನ್‌ಗಳನ್ನೂ ಒಂದೇ ಬಲೆಯಲ್ಲಿ ಹಿಡಿದು ನಲ್ (‘ಏನೂ ಇಲ್ಲ’) ಹಿಂತಿರುಗಿಸುವ ಉದಾಹರಣೆ ಬಹಳ ಕಡೆ ಇದೆ. ಅದನ್ನು ಕಾಪಿ ಮಾಡಿದವನು ಒಂದು ಹೆಜ್ಜೆ ಮುಂದೆ ಹೋಗಿ, ಡಿಕ್ರಿಪ್ಟ್ ಆಗದಿದ್ದರೆ ಬಂದ ಡೇಟಾವನ್ನೇ ಹಾಗೇ ಕೊಡುತ್ತಾನೆ. ಟ್ಯಾಗ್ ಇದ್ದೂ ಇಲ್ಲದಂತಾಯಿತು. ಟ್ಯಾಗ್ ತಪ್ಪಾಯಿತು ಎಂಬ ಎಕ್ಸೆಪ್ಶನನ್ನು ಬೇರೆಯಾಗಿ ಹಿಡಿಯಿರಿ. ಡೇಟಾ ಕೆಟ್ಟಿದೆ ಅಂತ ಮೇಲಿನವರಿಗೆ ತಿಳಿಸಿ, ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸೂಕ್ಷ್ಮ. ಯಾರೋ ಡೇಟಾಬೇಸ್‌ನಲ್ಲಿ ಒಬ್ಬ ಗಿರಾಕಿಯ ಸಾಲನ್ನು ಎತ್ತಿ ಇನ್ನೊಬ್ಬನ ಜಾಗಕ್ಕೆ ಇಟ್ಟರೆ ಟ್ಯಾಗ್ ಸರಿಯಾಗಿಯೇ ಇರುತ್ತದೆ. ಎನ್‌ಕ್ರಿಪ್ಟ್ ಮಾಡುವಾಗ ಗಿರಾಕಿಯ ನಂಬರನ್ನು ಜೊತೆ ಡೇಟಾವಾಗಿ (ಗೂಢವಾಗದೆ ಟ್ಯಾಗ್‌ನ ಲೆಕ್ಕಕ್ಕೆ ಮಾತ್ರ ಸೇರುವ ಡೇಟಾ) ಸೇರಿಸಿದರೆ ಇದೂ ಸಿಕ್ಕಿಬೀಳುತ್ತದೆ. ಒಂದೇ ಸಾಲು ಜಾಸ್ತಿ. ಬಿಲ್ಲಿಂಗ್ ಯಂತ್ರಕ್ಕೆ ಇದು ಬೇಕೇಬೇಕು ಅನ್ನುವೆ.

ಕೀಸ್ಟೋರ್ ಅಂದ ಮೇಲೆ ಅದರ ಕಷ್ಟವನ್ನೂ ಹೇಳಬೇಕು. ಕೀ ಆ ಯಂತ್ರದ್ದು, ಅಲ್ಲೇ ಇರುತ್ತದೆ. ಬ್ಯಾಕಪ್ ತೆಗೆದು ಹೊಸ ಯಂತ್ರಕ್ಕೆ ಹಾಕಿದರೆ ಡೇಟಾ ಬರುತ್ತದೆ, ಕೀ ಬರುವುದಿಲ್ಲ. ಕೆಟ್ಟುಹೋದ ಯಂತ್ರ ಬದಲಿಸಿದ ಅಂಗಡಿಯವರು ಸೋಮವಾರ ಬೆಳಿಗ್ಗೆ ನಿಮ್ಮ ಸಪೋರ್ಟ್‌ಗೆ ಫೋನ್ ಮಾಡುವುದು ಇದಕ್ಕೇ. ಇಂಥ ಡೇಟಾವನ್ನು ಬ್ಯಾಕಪ್‌ನಿಂದ ಹೊರಗಿಡುವುದು ಹೇಗೆ, ಕೀ ಇಲ್ಲದಿದ್ದಾಗ ಏನು ಮಾಡಬೇಕು, ಇವು ಉದಾಹರಣೆಯ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಮೊದಲ ಫೋನ್ ಬಂದ ದಿನವೇ ಯಾರೋ ಕೀಸ್ಟೋರ್ ಕಿತ್ತು ಸ್ಟ್ರಿಂಗ್ ಕೀಯನ್ನು ವಾಪಸ್ ತರುತ್ತಾರೆ.

ಈಗ ಮ್ಯಾನೇಜರ್ ಹೇಳಿದ ಅರ್ಧ ಸತ್ಯ. 2016ರಲ್ಲಿ 54 ಆಂಡ್ರಾಯ್ಡ್ ಡೆವಲಪರ್‌ಗಳನ್ನು ಕೂರಿಸಿ ಒಂದು ಪ್ರಯೋಗ ಮಾಡಿದ್ದರು. ಅಧಿಕೃತ ಡಾಕ್ಯುಮೆಂಟೇಶನ್ ಮಾತ್ರ ನೋಡಿ ಬರೆದವರ ಕೋಡ್ ಹೆಚ್ಚು ಭದ್ರವಾಗಿತ್ತು, ಆದರೆ ಕೆಲಸ ಮಾಡಿದ್ದು ಕಡಿಮೆ. ಪ್ರಶ್ನೋತ್ತರದ ತಾಣ ಸ್ಟ್ಯಾಕ್ ಓವರ್‌ಫ್ಲೋ ನೋಡಿ ಬರೆದವರದ್ದು ಹೆಚ್ಚು ಕೆಲಸ ಮಾಡಿತು, ಭದ್ರತೆ ಕಡಿಮೆ. ಗಡುವು ಕುತ್ತಿಗೆಗೆ ಬಂದಾಗ ಜನ ಯಾವುದನ್ನು ಆರಿಸುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಅಂದರೆ ಸರಳತೆ ಬೇಕು, ನಿಜ. ಅದನ್ನು ಭದ್ರತೆ ಕಿತ್ತು ತರಬಾರದು, ಅಷ್ಟೇ. ಉದಾಹರಣೆ ಎರಡೇ ಫಂಕ್ಷನ್ ಇರಲಿ. ಒಂದು ಬೈಟ್‌ಗಳನ್ನು ತೆಗೆದುಕೊಂಡು ಗೂಢ ಬೈಟ್‌ಗಳನ್ನು ಕೊಡುತ್ತದೆ, ಇನ್ನೊಂದು ಉಲ್ಟಾ. ಒಳಗೆ ಅರವತ್ತು ಸಾಲು ಇದ್ದರೂ ಚಿಂತೆಯಿಲ್ಲ, ಕರೆಯುವವನಿಗೆ ಎರಡೇ ಸಾಲು. ಪೂರ್ತಿ ಫೈಲ್ ಕೊಡಿ, ಮೇಲಿನ ಇಂಪೋರ್ಟ್ ಸಾಲುಗಳ ಸಮೇತ. ಮೂರು ಚುಕ್ಕಿ ಹಾಕಿ ‘ಇಲ್ಲಿ ನಿಮ್ಮ ಕೋಡ್’ ಅನ್ನಬೇಡಿ. ಆ ಚುಕ್ಕಿಗಳ ಜಾಗಕ್ಕೆ ಏನು ಬರುತ್ತದೆ ಅಂತ ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ.

ಕೋಡನ್ನು ಪುಟದೊಳಗೆ ಟೈಪ್ ಮಾಡಬೇಡಿ. ಅದು ನಿಮ್ಮ ರೆಪೊಸಿಟರಿಯಲ್ಲಿ ನಿಜವಾದ ಫೈಲ್ ಆಗಿರಲಿ, ಪುಟ ಅಲ್ಲಿಂದ ಎತ್ತಿಕೊಳ್ಳಲಿ, ಪ್ರತಿ ಬಿಲ್ಡ್‌ನಲ್ಲೂ ಟೆಸ್ಟ್ ಓಡಲಿ. ಒಂದೇ ಡೇಟಾ ಎರಡು ಸಲ ಎನ್‌ಕ್ರಿಪ್ಟ್ ಮಾಡಿದರೆ ಬೇರೆ ಬೇರೆ ಬರಬೇಕು. ಆ 50 ಬೈಟ್‌ಗಳಲ್ಲಿ ಒಂದೊಂದನ್ನೇ ಬದಲಿಸುತ್ತ ಹೋದರೆ ಐವತ್ತೂ ಸಲ ಫೇಲ್ ಆಗಬೇಕು. ಖಾಲಿ ಡೇಟಾ, ಕನ್ನಡ ಡೇಟಾ ಹೋಗಿ ಹಾಗೇ ವಾಪಸ್ ಬರಬೇಕು. ಬರೆಯಲು ಅರ್ಧ ದಿನ ಸಾಕು.

ಹಳೆಯ ಪುಟವನ್ನು ಏನು ಮಾಡುವುದು ಅಂತ ನೀವು ಕೇಳಲಿಲ್ಲ, ಆದರೆ ಕಷ್ಟದ ಕೆಲಸ ಅದೇ. ಆಂಡ್ರಾಯ್ಡ್‌ನ ಒಂದು ಹಳೆಯ ಕತೆ ಇದೆ. ರ್‍ಯಾಂಡಮ್ ಸಂಖ್ಯೆ ಕೊಡುವ ‘ಎಸ್‌ಎಚ್‌ಎ1ಪಿಆರ್‌ಎನ್‌ಜಿ’ಗೆ ಪಾಸ್‌ವರ್ಡನ್ನೇ ಬೀಜವಾಗಿ ಹಾಕಿ, ಬಂದದ್ದನ್ನು ಕೀ ಅನ್ನುವ ಉದಾಹರಣೆ ಊರೆಲ್ಲ ಹರಡಿತ್ತು. ಆಂಡ್ರಾಯ್ಡ್ 4.2ರಲ್ಲಿ ಒಳಗಿನ ಯಂತ್ರ ಬದಲಾಯಿತು, ಅದೇ ಬೀಜಕ್ಕೆ ಅದೇ ಸಂಖ್ಯೆ ಬರುವುದು ನಿಂತಿತು. ಆ್ಯಪ್‌ಗಳಿಗೆ ತಮ್ಮದೇ ಡೇಟಾ ಓದಲಾಗಲಿಲ್ಲ. ಜನ ಪಾಠ ಕಲಿತರಾ? ‘ಕ್ರಿಪ್ಟೋ’ ಅಂತ ಹಳೆಯ ಪ್ರೊವೈಡರ್ (ಆ ಒಳಗಿನ ಯಂತ್ರವನ್ನು ಒದಗಿಸುವ ಭಾಗ) ಹೆಸರನ್ನು ಸೇರಿಸಿದರೆ ಮತ್ತೆ ಓಡುತ್ತದೆ ಅಂತ ಕಂಡುಕೊಂಡರು, ಅದೂ ಹರಡಿತು. 2016ರಲ್ಲಿ ಆಂಡ್ರಾಯ್ಡ್ 7 ಬರುವಾಗ ಗೂಗಲ್ ಆ ಪ್ರೊವೈಡರ್ ಇನ್ನು ಬೇಡ ಅಂತ ಹೇಳಿತು. ಹಳೆಯ ಡೇಟಾ ಓದಿ ಹೊಸದಕ್ಕೆ ದಾಟಿಸಲು ಒಂದು ಕ್ಲಾಸನ್ನೂ ಕೊಟ್ಟಿತು. ಅದರ ಹೆಸರು ಶುರುವಾಗುವುದೇ ‘ಇನ್‌ಸೆಕ್ಯೂರ್’ ಅಂತ. ಹೆಸರಲ್ಲೇ ಬೈದಿಟ್ಟಂತೆ. ನನಗೆ ಅದು ಬಹಳ ಹಿಡಿಸಿತು, ಯಾಕೆಂದರೆ ಆ ಎಚ್ಚರಿಕೆ ಕೋಡ್ ಜೊತೆ ಕಾಪಿ ಆಗಿಯೇ ಆಗುತ್ತದೆ.

ನೀವೂ ಹಾಗೇ ಮಾಡಿ. ಹಳೆಯ ಪುಟವನ್ನು ಅಳಿಸಬೇಡಿ. ಅಳಿಸಿದರೆ ಹುಡುಕಿ ಬಂದವರು ಇನ್ನೆಲ್ಲೋ ಬಿದ್ದಿರುವ ಅದರ ನಕಲಿಗೆ ಹೋಗುತ್ತಾರೆ. ಅದೇ ವಿಳಾಸದಲ್ಲಿ ಹೊಸ ಉದಾಹರಣೆ ಇಡಿ. ಕೆಳಗೆ ಹಳೆಯ ವಿಧಾನದ ಡೇಟಾ ಓದಿ ಹೊಸದಾಗಿ ಬರೆಯುವ ಫಂಕ್ಷನ್ ಒಂದನ್ನು ಕೊಡಿ, ಅದರಲ್ಲಿ ಡಿಕ್ರಿಪ್ಟ್ ಮಾತ್ರ ಇರಲಿ. ಪುಟವನ್ನು ಯಾವಾಗ, ಯಾವ ಆವೃತ್ತಿಗೆ ಪರೀಕ್ಷಿಸಿದ್ದು ಅಂತ ಮೇಲೆ ಬರೆಯಿರಿ. ಇದು ಮುಖ್ಯ. ಆಂಡ್ರಾಯ್ಡ್‌ನ ಜೆಟ್‌ಪ್ಯಾಕ್ ಸೆಕ್ಯೂರಿಟಿ ಲೈಬ್ರರಿಯನ್ನೇ ಬಳಸಿ ಅಂತ ವರ್ಷಗಟ್ಟಲೆ ಹೇಳಿಸಿಕೊಂಡವರಿಗೆ, 2025ರಲ್ಲಿ ಅದರ ಎಪಿಐಗಳಿಗೆಲ್ಲ (ಕೋಡಿನಿಂದ ಕರೆಯುವ ಸೌಲಭ್ಯಗಳು) ‘ಇನ್ನು ಬೇಡ, ಕೀಸ್ಟೋರನ್ನೇ ನೇರ ಬಳಸಿ’ ಅಂತ ಹಣೆಪಟ್ಟಿ ಬಿತ್ತು.

ಇವೆಲ್ಲಕ್ಕೂ ಮೊದಲು, ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಪುಟದ ಆ 16 ಅಕ್ಷರದ ಸ್ಟ್ರಿಂಗನ್ನು ಜನ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಲ್ಲಿ ಹುಡುಕಿ. ನಿಮ್ಮ ಯಂತ್ರಗಳಿಗೆ ಬರುವ ಆ್ಯಪ್‌ಗಳನ್ನು ಪರೀಕ್ಷಿಸುವ ತಂಡಕ್ಕೂ ಅದನ್ನು ಕೊಟ್ಟು, ಇರುವ ಎಲ್ಲ ಆ್ಯಪ್ ಫೈಲ್‌ಗಳೊಳಗೆ ಜಾಲಾಡಲು ಹೇಳಿ. ಎಷ್ಟು ಕಡೆ ಸಿಕ್ಕಿತು ಅನ್ನುವ ಪಟ್ಟಿಯನ್ನು ಮ್ಯಾನೇಜರ್ ಮೇಜಿನ ಮೇಲಿಡಿ. ಪಟ್ಟಿಯಲ್ಲಿರುವ ಡೆವಲಪರ್‌ಗಳಿಗೆ ಹೊಸ ಪುಟ ಹೊರಬರುವ ಮುಂಚೆಯೇ ಪತ್ರ ಹೋಗಬೇಕು. ಪತ್ರದಲ್ಲಿ ಅವರದ್ದು ತಪ್ಪು ಅಂತ ಬರೆಯಬೇಡಿ. ಅವರು ಕಾಪಿ ಮಾಡಿದ್ದು ನಿಮ್ಮ ಪುಟದಿಂದ.